ಹೆಸರು ಮುಗಿಯುವ ತನಕ ಕೂಡುವವರು ಬೇಕಾಗಿದ್ದಾರೆ

ಶಹಾಪುರದಲ್ಲಿ ಹುಟ್ಟಿ ಅಂತರಿಕ್ಷದ ಸಿನಿಮಾಗಳ ಹುಚ್ಚು ಹಚ್ಚಿಕೊಂಡವಳಿಗೆ ತಿಂಗಳಿಗೊಂದು ಇಂಥ ಪ್ರಸಂಗ ತಪ್ಪಿದ್ದಲ್ಲ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ತಯಾರಾಗಿ ನಿಂತಿರುತ್ತದೆ.

ನನಗೆ ಇಪ್ಪತ್ನಾಲ್ಕು ವರ್ಷ. ದೋರನಹಳ್ಳಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹಾರುವ ತಟ್ಟೆ, ಮಾಯಾದಂಡ, ಬೆಂಕಿ ಉಗುಳುವ ಸರ್ಪ, ಯಾವುದೇ ಇರಲಿ, ನನ್ನ ಅಭಿಪ್ರಾಯ ಸಿದ್ಧ. ಇಂಥ ಸಿನಿಮಾಗಳ ಮೊದಲ ಭಾಗದಲ್ಲಿ ಕಥೆ ಇರುತ್ತದೆ, ಎರಡನೆಯದರಲ್ಲಿ ಧೂಳು ಇರುತ್ತದೆ, ಮೂರನೆಯದರಲ್ಲಿ ಮೊದಲೆರಡರಲ್ಲಿ ಸತ್ತವರೆಲ್ಲ ಎದ್ದು ಬರುತ್ತಾರೆ. ಆದರೂ ನೋಡುತ್ತೇನೆ. ಯಾಕೆಂದರೆ ಅಸಲಿ ಮಜಾ ಇರುವುದು ಕಟ್ಟಕಡೆಗೆ. ಸಿನಿಮಾ ಮುಗಿದು, ಕೆಲಸ ಮಾಡಿದವರ ಹೆಸರುಗಳೆಲ್ಲ ಪರದೆಯ ಮೇಲೆ ಸಾಲಾಗಿ ಹೋದ ನಂತರ ಒಂದು ಸಣ್ಣ ತುಣುಕು ಬರುತ್ತದೆ. ಮುಂದೇನಾಗಲಿದೆ ಎಂಬ ಗುಟ್ಟು ಅದರಲ್ಲಿರುತ್ತದೆ. ಆ ತುಣುಕನ್ನು ಟಾಕೀಸಿನಲ್ಲಿ ಕೂತು ಒಮ್ಮೆಯಾದರೂ ನೋಡಬೇಕೆಂಬುದು ನನ್ನ ಆಸೆ. ಆದರೆ ಒಬ್ಬಳೇ ಹೋಗಕೂಡದೆಂದು ಅಪ್ಪನ ಕಟ್ಟಪ್ಪಣೆ. ಜೊತೆಗೆ ಬರುವವರು ಯಾರೂ ಹೆಸರು ಮುಗಿಯುವ ತನಕ ಕೂಡುವ ಪೈಕಿ ಅಲ್ಲ. ನನ್ನ ಗೋಳು ಇಷ್ಟೇ.

೧. ಟಾಕೀಸಿನವನ ಅವಸರ

ಮೊದಲ ಸಲ ಗೆಳತಿಯನ್ನು ಕರೆದುಕೊಂಡು ನಮ್ಮೂರ ಟಾಕೀಸಿಗೇ ಹೋದೆ. ಖಳನಾಯಕನಿಗೆ ಇನ್ನೂ ಎರಡು ಉಸಿರು ಬಾಕಿ ಇದ್ದವು, ಅಷ್ಟರಲ್ಲೇ ಗೇಟಿನವನು ಬಾಗಿಲು ತೆರೆದ. ಬಿಸಿಲು ಒಳಗೆ ನುಗ್ಗಿತು. ಜನ ಚಪ್ಪಲಿ ಹುಡುಕತೊಡಗಿದರು. ಮೊದಲ ಹೆಸರು ಮೂಡಿದ್ದೇ ತಡ, ಪರದೆ ಕಪ್ಪಾಯಿತು. ನಾನು ದಡದಡ ಮೆಟ್ಟಿಲೇರಿ ಸಿನಿಮಾ ಓಡಿಸುವವನ ಕೋಣೆಗೆ ಹೋದೆ.

“ಯಾಕ್ರಿ ಬಂದ್ ಮಾಡಿದ್ರಿ? ಇನ್ನೂ ಐತ್ರಿ.”

“ಇನ್ನೇನೈತ್ರಿ ಅಕ್ಕಾರ? ಬರೇ ಹೆಸರು.”

“ಆ ಹೆಸರು ಪೂರಾ ಹೋಗಬೇಕ್ರಿ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ: “ಅದರಾಗ ನಿಮ್ಮ ಮನಿಯವರು ಯಾರರ ಅದಾರೇನ್ರಿ?”

೨. ಅವ್ವನ ಸವಾಲು

ಟಾಕೀಸಿಗೆ ಕರೆದೊಯ್ಯುವ ಮೊದಲು ಅವ್ವನಿಗೆ ಮನೆಯ ಟಿವಿಯಲ್ಲೇ ತಾಲೀಮು ಕೊಡೋಣವೆಂದು ಒಂದು ಮಾಯಾಲೋಕದ ಸಿನಿಮಾ ಹಾಕಿದೆ. ನಾಯಕ ಕೋಲು ಬೀಸಿದರೆ ಗುಡ್ಡ ಮೇಲೇಳುತ್ತದೆ, ಹೊಳೆ ಹಿಂದಕ್ಕೆ ಹರಿಯುತ್ತದೆ. ನನ್ನ ಮೈ ಜುಮ್ಮೆಂದಿತು. ಅವ್ವ ಮಾತ್ರ ಪರದೆಯ ಮೂಲೆಯಲ್ಲಿ ಒಲೆ ಊದುತ್ತಿದ್ದ ನಾಯಕನ ತಾಯಿಯನ್ನೇ ನೋಡುತ್ತಿದ್ದಳು.

“ಇಷ್ಟೆಲ್ಲಾ ಮಂತ್ರ ಬರ್ತಾವೇನು ಇವಗ?”

“ಹೂಂ ಅವ್ವ. ಲೋಕದಾಗ ಇವನಂಥವ ಇನ್ನೊಬ್ಬ ಇಲ್ಲ.”

“ಗುಡ್ಡ ಎತ್ತತಾನ. ಆ ತಾಯಿ ಹೊಗಿಯಾಗ ಕಣ್ಣೀರು ಹಾಕ್ಕೋತ ಒಲಿ ಊದಾಕತ್ತಾಳ, ಅತ್ತಾಗ ಒಮ್ಮೆರ ಕೋಲು ಬೀಸ್ಯಾನೇನು?”

ನಾಯಕನ ಪರವಾಗಿ ನಾನು ಅರ್ಧ ತಾಸು ವಾದಿಸಿದೆ. ಮಾಯೆಗೂ ಕಾಯಿದೆ ಕಾನೂನು ಇವೆ, ಅದನ್ನು ದೊಡ್ಡ ಕೆಲಸಕ್ಕಷ್ಟೇ ಬಳಸಬೇಕು, ಮನೆಗೆಲಸಕ್ಕಲ್ಲ ಎಂದೆಲ್ಲ ಹೇಳಿದೆ. ಹೆಸರು ಬರುವ ಮೊದಲೇ ಅವ್ವ ರೊಟ್ಟಿ ಬಡಿಯಲು ಎದ್ದಳು. ಹೋಗುತ್ತ ಹೋಗುತ್ತ ಅಂದಳು: “ನಿಮ್ಮಪ್ಪನೂ ಹಿಂಗಽ ಅಂತಾನ.”

೩. ಇಪ್ಪತ್ತು ವರ್ಷ ಮೊದಲು

ಕಾಕಾ, ಅಂದರೆ ಅಪ್ಪನ ತಮ್ಮ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹೊತ್ತಿಗೆ ಸರಿಯಾಗಿ ಎಲ್ಲಿಗೂ ಹೋದವನಲ್ಲ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಸಿನಿಮಾಕ್ಕೆ ಅವನ ಜೊತೆ ಹೊರಟು ಅರ್ಧ ತಾಸು ತಡವಾಗಿ ಮುಟ್ಟಿದೆ. ನನಗೆ ಅಳುವುದೊಂದು ಬಾಕಿ. ಇಂಥ ಸಿನಿಮಾಗಳಲ್ಲಿ ಮೊದಲ ಹತ್ತು ನಿಮಿಷ ತಪ್ಪಿದರೆ ಆಮೇಲೆ ತಲೆಬುಡ ತಿಳಿಯುವುದಿಲ್ಲ.

“ಇಲ್ಲಿತನಕ ಏನಾತಂತ ಕೇಳು,” ಅಂದ ಕಾಕಾ.

ಪಕ್ಕದವರನ್ನು ಕೇಳಿ ಹೇಳಿದೆ: “ಹೀರೋ ಯಂತ್ರದಾಗ ಕುಂತು ಇಪ್ಪತ್ತು ವರ್ಷ ಹಿಂದಕ್ಕ ಹೋಗ್ಯಾನಂತ.”

ಕಾಕಾ ಸಮಾಧಾನದಿಂದ ಕಾಲು ಚಾಚಿದ. “ಹಂಗಾರ ನಮಗೇನೂ ತಡ ಆಗಿಲ್ಲ ಬಿಡು. ಇಪ್ಪತ್ತು ವರ್ಷ ಮೊದಲಽ ಬಂದೀವಿ.”

ಕಡೆಯ ಕಾಳಗ ಇನ್ನೂ ನಡೆದಿತ್ತು, ಕಾಕಾ ನನ್ನ ರಟ್ಟೆ ಹಿಡಿದು ಎಬ್ಬಿಸಿದ. ಜನ ಎದ್ದರೆ ಸ್ಟ್ಯಾಂಡಿನಿಂದ ಮೋಟಾರ್ ಸೈಕಲ್ ತೆಗೆಯುವುದು ಕಷ್ಟವಂತೆ.

“ಕಾಕಾ, ಹೀರೋ ಇನ್ನೂ ವಾಪಸ್ ಬಂದಿಲ್ಲ!”

“ಅವಗ ಯಂತ್ರ ಐತವ್ವ, ಯಾವಾಗ ಬೇಕಾದಾಗ ಬರ್ತಾನ. ನಮ್ಮ ಗಾಡಿ ಸಿಕ್ಕೊಂಡ್ರ ಬರಂಗಿಲ್ಲ.”

೪. ಹೆಡ್‌ಮಾಸ್ತರರ ಚಿಂತೆ

ಶಾಲೆಯ ಮೇಡಂಗಳಲ್ಲಿ ಒಬ್ಬರಾದರೂ ಜೊತೆಗೆ ಬಂದಾರು ಎಂಬ ಆಸೆಯಿಂದ ಒಂದು ದಿನ ಊಟದ ಹೊತ್ತಿನಲ್ಲಿ ಒಂದು ಸಿನಿಮಾದ ಕಥೆ ಶುರು ಮಾಡಿದೆ. ಆಕಾಶ ಕಪ್ಪಾಗುತ್ತದೆ. ಸಾವಿರಾರು ಅಂತರಿಕ್ಷದ ಹಡಗುಗಳು ಊರ ಮೇಲೆ ಬಂದು ನಿಲ್ಲುತ್ತವೆ. ಒಂದೊಂದರಿಂದ ಲಕ್ಷಗಟ್ಟಲೆ ಮೂರು ಕಣ್ಣಿನವರು ಇಳಿಯುತ್ತಾರೆ. ಎಲ್ಲರ ತುತ್ತು ಕೈಯಲ್ಲೇ ನಿಂತಿತು. ಹೆಡ್‌ಮಾಸ್ತರರ ಮುಖ ಬಿಳಿಚಿತು. ನನ್ನ ಕಥೆ ಹೇಳುವ ಶಕ್ತಿಗೆ ನಾನೇ ಬೀಗಿದೆ.

“ಲಕ್ಷಗಟ್ಟಲೆ?” ಅಂದರು ಅವರು.

“ಹೌದ್ರಿ ಸರ್.”

“ಇವರ ಗಣತಿ ಯಾರು ಮಾಡ್ಬೇಕ್ರಿ?”

ಹಿರಿಯ ಮೇಡಂ ಡಬ್ಬಿ ಮುಚ್ಚಿಟ್ಟರು. “ಮತ್ಯಾರ್ರಿ ಸರ್, ನಾವಽ. ಮನಿ ಮನಿಗಿ ಹೋಗಿದ್ದು ಸಾಲದಂತ ಇನ್ನ ಹಡಗ ಹಡಗಿಗಿ ಹೋಗ್ಬೇಕು.”

ಮುಂದೆ ಗಂಟೆ ಹೊಡೆಯುವ ತನಕ ಅವರ ಊರು ಯಾವುದೆಂದು ಬರೆಯುವುದು, ಕುಟುಂಬದ ಯಜಮಾನ ಯಾರೆಂದು ಗುರುತಿಸುವುದು, ಇದೇ ಚರ್ಚೆ. ಭೂಮಿ ಉಳಿಯಿತೋ ಇಲ್ಲವೋ ಎಂದು ಒಬ್ಬರೂ ಕೇಳಲಿಲ್ಲ. ಕಡೆಗೆ ಹೆಡ್‌ಮಾಸ್ತರರು ನನ್ನತ್ತ ತಿರುಗಿದರು: “ಮೇಡಮ್ಮಾರ, ನೀವು ಸಣ್ಣವರದೀರಿ, ಅವರ ಬಗ್ಗೆ ಗೊತ್ತೂ ಐತಿ. ಬಂದ್ರ ನಿಮ್ಮ ಹೆಸರಽ ಬರದು ಕಳಸ್ತೀನಿ.”

೫. ಮುತ್ಯಾ ಏಳಲಿಲ್ಲ

ಕೊನೆಗೆ ಉಳಿದವನು ಮುತ್ಯಾ, ಅವ್ವನ ಅಪ್ಪ. ಸುರಪುರದ ಹತ್ತಿರ ದೇವಾಪುರದಲ್ಲಿರುತ್ತಾನೆ. ಅವನ ಹೊಲ ಕಾಲುವೆಯ ಕಟ್ಟಕಡೆಗೆ. ಮೇಲೆ ನೀರು ಬಿಟ್ಟರೆಂಬ ಸುದ್ದಿ ಮೊದಲು ಬರುತ್ತದೆ. ನೀರು ಆಮೇಲೆ ಬಂದರೆ ಬಂತು, ನಡುವೆ ಯಾರಾದರೂ ಕಾಲುವೆಯ ಗೇಟು ತಿರುವಿ ಮುಚ್ಚಿದರೆ ಅದೂ ಇಲ್ಲ.

ನಾನು ಮೂರು ವರ್ಷ ಕಾದಿದ್ದ ಅಂತರಿಕ್ಷದ ಸಿನಿಮಾದ ಹೊಸ ಭಾಗ ಯಾದಗಿರಿಗೆ ಬಂದಿತ್ತು. ಎರಡೇ ದಿನದಲ್ಲಿ ಅದನ್ನು ತೆಗೆಯುವವರಿದ್ದರು. “ಮುತ್ಯಾ, ನೀನರ ಬಾರೋ” ಎಂದು ಹೆಚ್ಚುಕಡಿಮೆ ಅತ್ತೇಬಿಟ್ಟೆ. ಸಿನಿಮಾ ಹಿಂದಿಯಲ್ಲಿತ್ತು. ಸಂತೆಯಲ್ಲಿ ಕಲಿತ ಮುತ್ಯಾನ ಹಿಂದಿ ನನ್ನದಕ್ಕಿಂತ ವಾಸಿ. ಬಂದ.

ಏಳು ಗ್ರಹಗಳು ಸಾಲಾಗಿವೆ. ಎಲ್ಲದಕ್ಕೂ ಒಂದೇ ಹಿಮದ ಚಂದ್ರನಿಂದ ನೀರು. ಮೊದಲ ಗ್ರಹದ ದೊರೆ ದೊಡ್ಡ ಗೇಟು ಹಾಕಿ ಆ ನೀರನ್ನು ತಡೆದು ಹಿಡಿದಿದ್ದಾನೆ, ಏಳನೆಯ ಗ್ರಹ ಒಣಗುತ್ತಿದೆ. ಮುತ್ಯಾ ನೆಟ್ಟಗೆ ಕೂತ. “ಹೆಸರು ಬ್ಯಾರೆ ಇಟ್ಟಾರ, ಅಷ್ಟೇ,” ಅಂದ. ಕಾಳಗ ಶುರುವಾದಾಗ ಹೀರೋಗೆ ದಾರಿ ಹೇಳತೊಡಗಿದ: “ಅವನ ಸಂಗಾಟ ಏನು ಜಗಳಾಡ್ತಿ? ಮೊದಲು ಗೇಟಿನ ಕಡಿ ಓಡು!”

ಹೀರೋ ಓಡಿದ. ಗೇಟು ತೆರೆಯಿತು, ನೀರು ಭೋರ್ಗರೆದು ದೊರೆಯನ್ನು ಕೊಚ್ಚಿಕೊಂಡು ಹೋಯಿತು, ಟಾಕೀಸಿನ ಬಾಗಿಲೂ ತೆರೆಯಿತು. ಜನ ಎದ್ದರು. ಈ ಸಲವೂ ಇಷ್ಟೇ ಎಂದು ನಾನೂ ನಿಟ್ಟುಸಿರು ಬಿಟ್ಟು ಚಪ್ಪಲಿ ಮೆಟ್ಟಿದೆ.

“ಏಳು ಮುತ್ಯಾ, ಮುಗೀತು.”

“ಎಲ್ಲಿ ಮುಗೀತು? ಮ್ಯಾಲ ನೀರು ಬಿಟ್ಟಿದ್ದು ತೋರ್ಸ್ಯಾರ. ಕಡೀ ಹೊಲಕ್ಕ ಮುಟ್ಟಿದ್ದು ತೋರಿಸಿಲ್ಲ.”

ಗೇಟಿನವನು ಬಂದ. “ಅಜ್ಜಾರ, ಖಲಾಸ್ ಆತ್ರಿ, ಏಳ್ರಿ.”

“ನೀರು ಮುಟ್ಟಲಿ, ಏಳ್ತೀನಿ.”

“ನೀರು ಬಿಟ್ರಲ್ರಿ!”

“ಬಿಡಾಕೇನು ತಮ್ಮಾ, ನಮಗೂ ವರ್ಷಾ ವರ್ಷಾ ಬಿಡ್ತಾರ.”

ಹೊರಟಿದ್ದವರಲ್ಲಿ ಹೆಗಲ ಮೇಲೆ ಟವೆಲ್ ಹಾಕಿದ್ದ ನಾಲ್ಕಾರು ಜನ ಇದನ್ನು ಕೇಳಿ ನಿಂತರು. “ಹಿರೇರು ಅನ್ನೋದು ಖರೇ ಐತಿ,” ಎಂದು ಅವರೂ ತಿರುಗಿ ಬಂದು ಕೂತರು. ಗೇಟಿನವನು ಹಣೆ ಬಡಿದುಕೊಂಡು ಮೇಲಿನ ಕೋಣೆಗೆ ಕೂಗಿದ: “ಬಂದ್ ಮಾಡಬ್ಯಾಡೋ! ಇವರ ಹೊಲಕ್ಕ ನೀರು ಮುಟ್ಟಿಲ್ಲಂತ!”

ಹೆಸರುಗಳು ಹೋಗತೊಡಗಿದವು. ನಾನೂ ಚಪ್ಪಲಿ ಬಿಟ್ಟು ಮತ್ತೆ ಕೂತೆ. ನೂರಾರು ಹೆಸರು. ಮುತ್ಯಾ ರೆಪ್ಪೆ ಬಡಿಯಲಿಲ್ಲ. ಕೊನೆಯ ಹೆಸರೂ ಹೋಯಿತು, ಕತ್ತಲಾಯಿತು. ಆಮೇಲೆ, ದೇವರಾಣೆ, ಆ ತುಣುಕು ಬಂತು. ಕತ್ತಲೊಳಗಿಂದ ಒಂದು ಕೈ ಚಾಚಿತು. ಸತ್ತನೆಂದು ನಾವೆಲ್ಲ ನಂಬಿದ್ದ ಆ ದೊರೆಯ ಕೈ. ಅದು ಗೇಟಿನ ಚಕ್ರ ಹಿಡಿದು, ಮೆಲ್ಲಗೆ, ಮುಚ್ಚುವ ಕಡೆಗೆ ತಿರುವಿತು.

ನಾನು ಖುಷಿಯಿಂದ ಕಿರುಚಿದೆ. ಮುತ್ಯಾ ಧೋತರ ಕೊಡವಿಕೊಂಡು ಎದ್ದ.

“ನೋಡಿದಿ? ಮಂದಿ ಎದ್ದು ಹೋಗಲಿ ಅಂತ ಕಾಯಾಕತ್ತಿದ್ದ. ಅದಕ್ಕಽ ನಾ ಏಳಲಿಲ್ಲ.”