ಎಂಬತ್ತಕ್ಕೆ ಪ್ಲಗ್ ಕೀಳತಕ್ಕದ್ದು

“ಮತ್ತೆ ಬಂದ್ರಾ ಅಣ್ಣಾ? ಈಗಷ್ಟೇ ಒಂಬತ್ತನೇ ಕಾಲಂ ಮುಗಿಸಿದೆ. ನನಗೆ ಒಂದು ಕೆಲಸಾನೂ ನೆಟ್ಟಗೆ ಮಾಡೋಕೆ ಬಿಡಬಾರದು ಅಂತ ಪಣ ತೊಟ್ಟಿದ್ದೀರಾ?”

ಜನನ ನೋಂದಣಿ ಕಚೇರಿಯ ಆಪರೇಟರಮ್ಮ ಹೀಗೆ ಗೊಣಗಿದ್ದು ಆ ದಿನ ನಾಲ್ಕನೇ ಸಲ. ಅಟೆಂಡರ್ ಬೇಸರಪಟ್ಟುಕೊಳ್ಳಲಿಲ್ಲ. ಅವರೀಗ ಬರೀ ಅಟೆಂಡರ್ ಅಲ್ಲ, ಬ್ಯಾಟರಿ ಆರೋಗ್ಯ ಮೇಲ್ವಿಚಾರಕರು. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಜ್ವರ ನೋಡುವ ಪಿಸ್ತೂಲನ್ನು ಅದರ ಬೆನ್ನಿಗೆ ಹಿಡಿದು, “ಮೂವತ್ತೇಳು. ಜ್ವರ ಇಲ್ಲ,” ಎಂದು ರಿಜಿಸ್ಟರಿನಲ್ಲಿ ಬರೆದರು. ಮುಚ್ಚಳ ಮುಚ್ಚಿದೊಡನೆ ತುಂಬಿದ ಅರ್ಜಿ ಅಳಿಸಿಹೋಗುತ್ತದೆ. ಅದನ್ನು ಯಾರೂ ದೋಷವೆಂದು ಪರಿಗಣಿಸಿರಲಿಲ್ಲ.

ಈ ವ್ಯವಸ್ಥೆಗೆ ಕಾರಣವಿತ್ತು. ಮೂರು ತಿಂಗಳ ಹಿಂದೆ ಕಚೇರಿಯ ಒಂದು ಲ್ಯಾಪ್‌ಟಾಪು ಗೂಟಕ್ಕೆ ಕಟ್ಟಿದ ಎಮ್ಮೆಯಂತೆ ಹಗಲೂ ರಾತ್ರಿ ಪ್ಲಗ್ಗಿನಲ್ಲೇ ಬಿದ್ದಿದ್ದು, ಬ್ಯಾಟರಿ ಹೊಟ್ಟೆಯುಬ್ಬರಿಸಿ ತೀರಿಕೊಂಡಿತ್ತು. ಸಾಹೇಬರ ಬಡ್ತಿಯೂ ಅದರ ಜೊತೆಗೇ ಹೋಯಿತು. ಕೂಡಲೇ ಸುತ್ತೋಲೆ ಹೊರಬಿತ್ತು: ‘ಬ್ಯಾಟರಿಯು ಶೇಕಡ ನಲವತ್ತಕ್ಕಿಂತ ಕೆಳಗೆ ಇಳಿಯತಕ್ಕದ್ದಲ್ಲ. ಎಂಬತ್ತಕ್ಕೆ ಪ್ಲಗ್ ಕೀಳತಕ್ಕದ್ದು. ಚಾರ್ಜು ಏರುವಾಗ ಕೆಲಸ ಕೊಟ್ಟು ಅದನ್ನು ದಣಿಸತಕ್ಕದ್ದಲ್ಲ. ಇಳಿಯುವಾಗ ಪ್ರತಿ ಹತ್ತಕ್ಕೊಮ್ಮೆ ಮುಚ್ಚಳ ಮುಚ್ಚಿ ಮೈ ಬಿಸಿ ನೋಡತಕ್ಕದ್ದು.’

ಹತ್ತು ಇಳಿಯಲು ಹದಿನೆಂಟು ನಿಮಿಷ. ಅರ್ಜಿಯ ಒಂದು ಕಾಲಂ ತುಂಬಲು ಎರಡು ನಿಮಿಷ. ಕಾಲಂಗಳು ಹದಿನಾಲ್ಕು. ಹೀಗಾಗಿ ಮೂರು ತಿಂಗಳಿಂದ, ದಾಖಲೆಯ ಪ್ರಕಾರ, ಊರಲ್ಲಿ ಒಂದು ಮಗುವೂ ಹುಟ್ಟಿರಲಿಲ್ಲ. ಜನಸಂಖ್ಯೆಯನ್ನು ಹತೋಟಿಗೆ ತಂದದ್ದಕ್ಕೆ ಮೇಲಿನಿಂದ ಪ್ರಶಂಸಾಪತ್ರ ಬಂದಿತ್ತು. ಅದಕ್ಕೆ ಚೌಕಟ್ಟು ಹಾಕಿಸಲಾಗಿತ್ತು.

ಆ ದಿನ ಆಪರೇಟರಮ್ಮ ತುಂಬುತ್ತಿದ್ದುದು ಇವತ್ತು ನಾಳೆ ಎಂದು ಐದು ವರ್ಷ ಮುಂದೂಡುತ್ತ ಬಂದಿದ್ದ ಸ್ವಂತ ಮಗಳ ಅರ್ಜಿ. ಶಾಲೆಗೆ ಸೇರಿಸಲು ಅದೇ ಕೊನೆಯ ದಿನ. ಐದೂವರೆ ವರ್ಷದ ಪುಟ್ಟಿ ಪಕ್ಕದ ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು. ಆಪರೇಟರಮ್ಮ ಎದ್ದು ಸಾಹೇಬರ ಕೋಣೆಗೆ ನುಗ್ಗಿದಳು.

“ಸಾರ್, ಇವತ್ತೊಂದು ದಿನ ಆ ಪಿಸ್ತೂಲು ದೂರ ಇಡಿಸಿ. ಇಲ್ಲಾಂದ್ರೆ ಮಗು ಇನ್ನೊಂದು ವರ್ಷ ಮನೇಲೇ ಕೂರಬೇಕು.”

“ನಿಮ್ಮ ಮಗೂಗೆ ಇನ್ನೂ ಎಷ್ಟೋ ವರ್ಷ ಇದೆ ಕಣಮ್ಮ. ಆ ಬ್ಯಾಟರಿಗೆ ಇರೋದೇ ಐನೂರು ಚಾರ್ಜು. ಸ್ವಲ್ಪ ಕರುಣೆ ಇರಲಿ.”

“ನಾನು ಹೆತ್ತಿದ್ದು ಇವಳನ್ನ ಸಾರ್, ಅದನ್ನಲ್ಲ.”

“ಕಚೇರಿ ವೇಳೇಲಿ ಹಾಗೆಲ್ಲ ಭೇದ ಮಾಡಬಾರದು.”

ಆದರೂ ಸಾಹೇಬರು ಕಲ್ಲುಮನಸ್ಸಿನವರಲ್ಲ. ಪ್ರತಿ ಲ್ಯಾಪ್‌ಟಾಪಿಗೂ ತಿಂಗಳಿಗೊಂದು ಆರೋಗ್ಯ ಪತ್ರ ಕೊಡುವ ಪದ್ಧತಿಯಿತ್ತು. ಅದಕ್ಕೆ ನಾಲ್ಕೇ ಕಾಲಂ. ಎಂಟು ನಿಮಿಷದಲ್ಲಿ ಅವಳ ಲ್ಯಾಪ್‌ಟಾಪಿನ ಪತ್ರ ಹೊರಬಂತು. ಸಾಹೇಬರು ಸಹಿ ಹಾಕಿ ಚಾಚಿದರು.

“ಹುಟ್ಟಿದ ದಿನಾಂಕ ಇದೆ, ಸೀಲಿದೆ. ಶಾಲೆಯವರಿಗೆ ಇನ್ನೇನು ಬೇಕು? ಹೋಗಿ, ಹೊತ್ತಾಗುತ್ತೆ.”

ಶಾಲೆಯಲ್ಲಿ ದೊಡ್ಡ ಟೀಚರ್ ಕನ್ನಡಕ ಏರಿಸಿ ಪತ್ರ ಓದಿದರು.

“ವಯಸ್ಸು ಮೂರು ವರ್ಷ ಒಂದು ತಿಂಗಳು. ಮಗು ಸ್ವಲ್ಪ ದೊಡ್ಡದಾಗಿ ಕಾಣುತ್ತಲ್ಲ?”

“ಬೆಳವಣಿಗೆ ಜಾಸ್ತಿ ಮೇಡಂ, ಅವರಪ್ಪನ ಕಡೆ,” ಎಂದಳು ಆಪರೇಟರಮ್ಮ.

“ಆರೋಗ್ಯ ಶೇಕಡ ತೊಂಬತ್ತೊಂದು. ಬೇರೆ ತಾಯಂದಿರು ಇದನ್ನೆಲ್ಲ ಬರೆಸಿಕೊಂಡು ಬರೋದೇ ಇಲ್ಲ. ಚೆನ್ನಾಗಿ ನೋಡ್ಕೊಂಡಿದ್ದೀರಿ.”

ಹೆಸರಿನ ಜಾಗದಲ್ಲಿದ್ದ ಲ್ಯಾಪ್‌ಟಾಪಿನ ಸೀರಿಯಲ್ ನಂಬರಿನ ಹನ್ನೆರಡು ಅಂಕಿಗಳನ್ನು ಅವರು ಒಂದೂ ತಪ್ಪದಂತೆ ಹಾಜರಿ ಪುಸ್ತಕಕ್ಕೆ ಇಳಿಸಿಕೊಂಡರು. ಪುಟ್ಟಿಗೆ ಶಿಶು ತರಗತಿಯಲ್ಲಿ ಜಾಗ ಸಿಕ್ಕಿತು.

ಸುದ್ದಿ ಹರಡಲು ತಡವಾಗಲಿಲ್ಲ. ಮುಂದಿನ ವರ್ಷಕ್ಕೆ ಹೆಸರು ಬರೆಸಬೇಕಾದ ತಂದೆತಾಯಿಗಳೆಲ್ಲ ಹದಿನಾಲ್ಕು ಕಾಲಂಗಳ ಗೋಜಿಗೆ ಹೋಗದೆ, ತಲೆಗೊಂದು ಲ್ಯಾಪ್‌ಟಾಪಿನ ಪತ್ರ ಪಡೆಯತೊಡಗಿದರು. ತೊಂಬತ್ತಕ್ಕಿಂತ ಕಡಿಮೆ ಆರೋಗ್ಯವಿದ್ದ ಪತ್ರವನ್ನು ಯಾರೂ ಮುಟ್ಟುತ್ತಿರಲಿಲ್ಲ. ಅರ್ಜಿಗಳು ಬಾಕಿಯಿಲ್ಲವೆಂದು ವರದಿ ಹೋಯಿತು, ಸಾಹೇಬರಿಗೆ ಬಡ್ತಿ ಬಂತು. ಆಪರೇಟರಮ್ಮನೂ ನೆಮ್ಮದಿಯಾಗಿದ್ದಳು. ಮೊದಲ ದಿನ ಶಾಲೆಯ ಬಾಗಿಲಲ್ಲಿ ಕೈ ಬಿಡಿಸಿಕೊಳ್ಳುವಾಗ ಮಗಳು ಮಾತ್ರ ಒಂದು ಪ್ರಶ್ನೆ ಕೇಳಿದಳು.

“ಅಮ್ಮಾ, ಟೀಚರ್ ವಯಸ್ಸೆಷ್ಟು ಅಂತ ಕೇಳಿದ್ರೆ ನಂದು ಹೇಳ್ಲಾ, ಅದರದ್ದು ಹೇಳ್ಲಾ?”