ಅಂಬಣ್ಣ ಸೂಜಿ ಹಾಕಲು ಕಲಿತದ್ದು

ತಾಪತ್ರಯ ಶುರುವಾದದ್ದು ತಾರ್ನಾಕದ ಒಂದು ಗಲ್ಲಿಯಲ್ಲಿ ಅಮರಯ್ಯನ ದವಾಖಾನೆ ಮುಚ್ಚಿದ್ದರಿಂದ. ಮೂವತ್ತು ವರ್ಷ ಎಲ್ಲರಿಗೂ ಸೂಜಿ ಚುಚ್ಚಿದ ಕಾಂಪೌಂಡರ್ ಅಮರಯ್ಯ ಊರಿಗೆ ಹೋದ. ಅವನ ಜಾಗದಲ್ಲಿ, ಮೂರು ತಿಂಗಳಲ್ಲಿ ಜಾವಾ ಕಲಿಸಿ ಹೈಟೆಕ್ ಸಿಟಿಗೆ ಕಳಿಸುತ್ತೇವೆ ಎಂಬ ಬೋರ್ಡು ಬಂತು. ಗಲ್ಲಿ ತುಂಬ ಕಂಪ್ಯೂಟರ್ ಬಲ್ಲವರಾದರು. ಸೂಜಿ ಹಾಕಬಲ್ಲವರು ಒಬ್ಬರೂ ಉಳಿಯಲಿಲ್ಲ.

ಅದೇ ಗಲ್ಲಿಯಲ್ಲಿದ್ದ, ನೀರಾವರಿ ಕಚೇರಿಯ ಗುಮಾಸ್ತ ಅಂಬಣ್ಣನ ಹೆಂಡತಿ ವಿಜಯಶ್ರೀಗೆ ಕ್ಯಾನ್ಸರ್. ಕಿಮೋ ಆದ ಮೇಲೆ ಬಿಳಿ ರಕ್ತಕಣ ಏರಲೆಂದು ಐದು ದಿನ ಹೊಟ್ಟೆಗೆ ಸೂಜಿ. ಮೊದಲನೆಯದನ್ನು ಆಸ್ಪತ್ರೆಯ ನರ್ಸ್ ಹಾಕಿ ತೋರಿಸಿ, ಉಳಿದದ್ದು ನೀವೇ ಹಾಕಿ, ಮೋಸಂಬಿ ಮೇಲೆ ರೂಢಿ ಮಾಡಿಕೊಳ್ಳಿ ಎಂದು ಕೆಲವು ಖಾಲಿ ಸಿರಿಂಜು ಕೊಟ್ಟು ಕಳಿಸಿದ್ದಳು. ಇವತ್ತು ನಾಲ್ಕಕ್ಕೆ ಸೂಜಿ. ಐದೂವರೆಗೆ ಸ್ಕ್ಯಾನ್ ರಿಪೋರ್ಟು ನೋಡಲು ಡಾಕ್ಟರು ಕರೆದಿದ್ದರು.

ಅಂಬಣ್ಣ ರಜೆ ಹಾಕಿ, ಬೆಳಿಗ್ಗೆಯೇ ಆರು ಮೋಸಂಬಿ ಮುಂದಿಟ್ಟುಕೊಂಡು ಕೂತ. ಮೊದಲನೆಯದು ಉರುಳಿ ಮಂಚದ ಕೆಳಗೆ ಸೇರಿತು. ಎರಡನೆಯದಕ್ಕೆ ಸೂಜಿ ಬಾಗಿತು. ಮೂರನೆಯದನ್ನು ಹಿಡಿದ ಹೆಬ್ಬೆರಳಿಗೇ ಚುಚ್ಚಿಕೊಂಡು ಕೂಗಿದ. ಆ ಕೂಗಿಗೆ ಪಕ್ಕದ ಮನೆಯ ಉಮಾಬಾಯಿ ಬಂದರು. ಹಿಂದೆಯೇ ಮೇಲಿನ ಮನೆಯ ಸೂರ್ಯನಾರಾಯಣ. ಬೀದರಿನ ದನದ ಆಸ್ಪತ್ರೆಯಲ್ಲಿ ದುಡಿದು ಕನ್ನಡ ಕಲಿತು ನಿವೃತ್ತರಾದವರು.

"ನಾ ಎಷ್ಟು ಸಾವಿರ ಎಮ್ಮಿಗೆ ಹಾಕೀನಿ, ಸಾಬ್. ಹಿಂದಿನಿಂದ ಹೋಗಿ, ಒಮ್ಮೆ ತಟ್ಟಿ, ಚುಚ್ಚಿ, ಓಡಬೇಕು."

"ಓಡೂದು ಯಾಕ್ರಿ?" ಅಂಬಣ್ಣ ಕೇಳಿದ.

"ಒದೀತಾವಲ್ಲ."

ಒಳಗಿನಿಂದ ವಿಜಯಶ್ರೀ, "ನಾ ಒದಿಯಂಗಿಲ್ರಿ ಅಣ್ಣಾರ. ಅಷ್ಟು ಶಕ್ತಿ ಉಳದಿಲ್ಲ" ಅಂದಳು.

ಉಮಾಬಾಯಿ ಒಂದು ಹಣ್ಣು ಒತ್ತಿ ನೋಡಿದರು. "ಇದರ ಸಿಪ್ಪಿ ಭಾಳ ಗಟ್ಟಿ. ಮನಷ್ಯಾರ ಮ್ಯಾಲ ಕಲೀರಿ. ಈ ಸೂರ್ಯನಾರಾಯಣ ಅಣ್ಣಾರ ಹೊಟ್ಟಿ ಛಲೋ ಐತಿ ನೋಡ್ರಿ."

ಸೂರ್ಯನಾರಾಯಣರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಅರವತ್ತೈದರ ಮನುಷ್ಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಹೋದರು.

ನಾಲ್ಕಕ್ಕೆ ಅವರು ಮತ್ತೆ ಇಳಿದು ಬಂದರು. ಅಂಬಣ್ಣ ತಲೆ ತಿರುಗಿ ಬಿದ್ದರೆ ಮೂಸಿಸಲೆಂದು ಉಮಾಬಾಯಿ ಉಳ್ಳಾಗಡ್ಡಿ ಹೆಚ್ಚಿ ಹಿಡಿದು ನಿಂತರು. ವಿಜಯಶ್ರೀ ಗಂಡನನ್ನಷ್ಟೇ ಒಳಗೆ ಕರೆದು ಬಾಗಿಲು ಹಾಕಿಸಿದಳು.

ನರ್ಸ್ ಹೇಳಿದಂತೆ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯಬೇಕಿತ್ತು. ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಅಂಬಣ್ಣ ಎತ್ತಿದ ಸೂಜಿಯನ್ನು ಮತ್ತೆ ಕೆಳಗಿಟ್ಟ.

"ಮೋಸಂಬಿ ಅಂತ ತಿಳೀರಿ," ಅಂದಳು.

"ಮೋಸಂಬಿ ನನ್ನ ಮಾರಿ ನೋಡಂಗಿಲ್ಲಲ್ಲ."

ವಿಜಯಶ್ರೀ ಕಣ್ಣು ಮುಚ್ಚಿದಳು. ಅವನು ಚುಚ್ಚಿ, ಔಷಧ ನಿಧಾನ ಇಳಿಸಿ, ಸೂಜಿ ತೆಗೆದ. ಒಂದು ಹನಿ ರಕ್ತವೂ ಬರಲಿಲ್ಲ.

"ಯಾವಾಗ ಹಾಕ್ತೀರಿ?" ಅಂದಳು ಅವಳು.

ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅಂಬಣ್ಣನಿಗೆ ಸಿಕ್ಕ ದೊಡ್ಡ ಶಹಬ್ಬಾಸ್ ಅದು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಆಟೋದವನಿಗೂ ಆ ಕತೆ ಹೇಳಿದ.

ಡಾಕ್ಟರು ರಿಪೋರ್ಟನ್ನು ಬಹಳ ಹೊತ್ತು ನೋಡಿ, ಇನ್ನು ಈ ಸೂಜಿ ಬೇಕಾಗಿಲ್ಲ ಅಂದರು. ಅಂಬಣ್ಣ ಕೈ ಮುಗಿದ. ಅವರು ಮುಂದೆ ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಕಲಿತ ದಿನವೇ ವಿದ್ಯೆ ದಂಡವಾಯಿತೆಂದು ತಾನೇ ನಗುತ್ತ ಹೊರಬಂದ.

ಮರಳುವ ಆಟೋದಲ್ಲೂ ಅದೇ ಮಾತು. ಯೂನಿವರ್ಸಿಟಿ ಗೇಟು ದಾಟುವವರೆಗೆ ವಿಜಯಶ್ರೀ ಅವನನ್ನು ನಗಲು ಬಿಟ್ಟಳು.

"ಕಿಮೋನೂ ಬ್ಯಾಡ ಅಂದ್ರು. ಕೇಳಿಸ್ಕೊಂಡ್ರಿಲ್ಲ?"

"ಅಂದ್ರ ಆರಾಮ ಆತಲ್ಲ?"

"ಔಷಧ ಹತ್ತವಲ್ದಂತ್ರಿ. ಮನ್ಯಾಗ ಇಟ್ಕೊಂಡು ಚಂದಂಗ ನೋಡ್ಕೋರಿ ಅಂದ್ರು."

ಆಟೋ ಗಲ್ಲಿಗೆ ಬಂತು. ಮನೆಯ ಗೇಟಿನಲ್ಲಿ ಉಮಾಬಾಯಿ, ಸೂರ್ಯನಾರಾಯಣ ಇಬ್ಬರೂ ಕಾಯುತ್ತಿದ್ದರು.

"ನಾಳೆ ಎಷ್ಟಕ್ಕರಿ ಸೂಜಿ?" ಉಮಾಬಾಯಿ ಕೇಳಿದರು. "ನಾ ಬರ್ತೀನಿ, ಅವರಿಗೆ ಧೈರ್ಯ ಬರ್ತೈತಿ."

ಅಂಬಣ್ಣ ಬಾಯಿ ತೆರೆದ. ವಿಜಯಶ್ರೀ ಅವನ ತೋಳು ಹಿಡಿದು ಆಟೋದಿಂದ ಇಳಿಯುತ್ತ, "ನಾಕಕ್ಕ ಬರ್ರಿ," ಅಂದಳು. "ಇವರ ಕೈ ಭಾಳ ಹಗುರ ಐತಿ."