ಬಿಸಿಲಿಗೆ ಬಂದ ಬಿಲ್

ನಮ್ಮಿಂದ ಬಿಸಿಲಿಗೆ ಬಿಲ್ ವಸೂಲಿ ಮಾಡಿದರು. ಮಾತಿಗೆ ಹೇಳುತ್ತಿಲ್ಲ, ನಡೆದದ್ದನ್ನೇ ಹೇಳುತ್ತಿದ್ದೇನೆ. ಮುಂಬಯಿಯ ಸಯನ್‌ನಲ್ಲಿರುವ ನಮ್ಮ ಐದು ಮಾಳಿಗೆಯ ಬಿಲ್ಡಿಂಗಿನ ಟೆರೇಸ್ ಮೇಲೆ ಸೋಲಾರ್ ಕೂರಿಸಿದರು. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ, ಇವುಗಳ ಬಿಲ್ಲನ್ನು ನಾವೆಲ್ಲ ಹಂಚಿಕೊಂಡು ಕಟ್ಟುತ್ತೇವೆ. ಅದು ಇನ್ನು ಸೊನ್ನೆಗೆ ಇಳಿಯುತ್ತದೆ ಎಂದರು. ಇಳಿಯಲಿಲ್ಲ, ಏರಿತು. ಬಿಸಿಲು ಹೆಚ್ಚಾದಷ್ಟೂ ಏರಿತು.

ಇಂಥದ್ದೆಲ್ಲ ನಮ್ಮ ಬಿಲ್ಡಿಂಗಿನ ಹಣೆಬರಹ ಎಂದುಕೊಂಡಿದ್ದೆ. ಈಗ ವಿಲೆ ಪಾರ್ಲೆಯಿಂದಲೂ ಜನ ಬಿಲ್ ಹಿಡಿದುಕೊಂಡು ನನ್ನ ಬಾಗಿಲಿಗೆ ಬರುತ್ತಾರೆ. ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ವಿಕ್ರೋಳಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡಿ ವಯಸ್ಸು ಕಳೆದವಳು. ಅರ್ಜಿ ಬರೆಯುವುದನ್ನು ಅರ್ಜಿ ವಾಪಸ್ ಬಂದು ಬಂದೇ ಕಲಿತವಳು. ನನ್ನ ಬಳಿಗೆ ಬರಬೇಕಾದ ಗತಿ ಅವರಿಗೆ ಬಂತಲ್ಲ, ಅದೇ ಮೊದಲನೆಯ ತಮಾಷೆ. ಉಳಿದವು ಹೀಗಿವೆ.

೧. ಹೊಸ ಸೊಸೆ

ಉದ್ಘಾಟನೆಯ ದಿನ ನಮ್ಮ ಹೌಸಿಂಗ್ ಸೊಸೈಟಿ ಕಮಿಟಿಯ ಹನ್ನೊಂದು ಜನವೂ ಟೆರೇಸ್ ಹತ್ತಿದರು. ತೆಂಗಿನಕಾಯಿ ಒಡೆದರು. ಪ್ಯಾನಲ್ಲಿಗೆ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದರು. ಸೋಲಾರ್ ಕಂಪನಿಯವನು ಮೊಬೈಲಿನಲ್ಲಿ ಫೋಟೋ ತೆಗೆದು, ಸ್ವಿಚ್ ಒತ್ತಿ, ಪೇಡೆ ತಿಂದು ಹೋದ. ಆ ಫೋಟೋದ ಮಾತು ಆಮೇಲೆ ಬರುತ್ತದೆ.

ಮುಂದಿನ ಬಿಲ್ ಹಳೆಯದರ ಒಂದೂವರೆ ಪಟ್ಟು. ನಮ್ಮ ಸೆಕ್ರೆಟರಿ ಬ್ಯಾಂಕಿನಲ್ಲಿ ರಿಟೈರ್ ಆದವರು, ಯಾವುದಕ್ಕೂ ಗಾಬರಿಯಾಗುವವರಲ್ಲ.

"ಹೊಸ ಸೊಸೆ ಬಂದ ಹಾಗೆ, ಅಕ್ಕ. ಹೊಂದಿಕೊಳ್ಳಲಿಕ್ಕೆ ಎರಡು ತಿಂಗಳು ಬೇಡವೇ?"

"ಸೊಸೆ ಬಂದ ಮೊದಲನೇ ತಿಂಗಳೇ ಮನೆ ಖರ್ಚು ಒಂದೂವರೆ ಪಟ್ಟಾದರೆ ನಿಮ್ಮ ಮನೆಯಲ್ಲಿ ಸುಮ್ಮನಿರುತ್ತಾರಾ?" ಎಂದೆ.

ಸೋಲಾರ್ ಕಂಪನಿಗೆ ಫೋನ್ ಮಾಡಿದೆವು. "ಮೇಡಂ, ಮುಂಬಯಿ ಧೂಳು. ಪ್ಯಾನಲ್ ತೊಳೆಸಿ" ಎಂದ. ತೊಳೆಯುವ ಕೆಲಸ ವಾಚ್‌ಮನ್ನನ ತಲೆಗೆ ಬಂತು. ಅವನು ವಿಜಾಪುರದ ಕಡೆಯವನು. ದಿನಾ ಬೆಳಿಗ್ಗೆ ಬಕೆಟ್ ಹೊತ್ತು ಮೇಲೆ ಹೋಗಿ ತಿಕ್ಕಿದ. ಪ್ಯಾನಲ್ ಎಷ್ಟು ಹೊಳೆಯಿತೆಂದರೆ ಅದರಲ್ಲೇ ಮುಖ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳುತ್ತಿದ್ದ. "ಅಕ್ಕಾರ, ನಮ್ಮೂರಾಗ ಎತ್ತಿನ ಮೈ ಸೈತ ಇಷ್ಟ ತಿಕ್ಕಿಲ್ರಿ" ಎನ್ನುತ್ತಿದ್ದ.

ಆ ತಿಂಗಳ ಬಿಲ್ ಇನ್ನೂ ಮೇಲೆ. ಸೆಕ್ರೆಟರಿ ಅವನ ಮೇಲೆ ಹರಿಹಾಯ್ದರು. "ಸರಿಯಾಗಿ ತೊಳೆದಿಲ್ಲ ನೀನು!"

"ಸಾಹೇಬ್ರ, ಇನ್ನೂ ತೊಳದ್ರ ಬಿಲ್ ಇನ್ನೂ ಏರತೈತಿ ನೋಡ್ರಿ."

ಎಲ್ಲರೂ ನಕ್ಕೆವು. ಇಡೀ ಸೊಸೈಟಿಯಲ್ಲಿ ಸತ್ಯ ಹೇಳಿದವನು ಅವನೊಬ್ಬನೇ, ಅದೂ ತಮಾಷೆಗೆ.

೨. ಕಳ್ಳ ಸಿಕ್ಕಿದ

ಯಾರೋ ಸೊಸೈಟಿಯ ಲೈನಿನಿಂದ ಕರೆಂಟ್ ಕದಿಯುತ್ತಿದ್ದಾರೆ ಎಂದು ಕಮಿಟಿ ತೀರ್ಮಾನ ಮಾಡಿತು. ಬಡವನ ಮೇಲೆ ಅನುಮಾನ ಮೊದಲು ಬೀಳಬೇಕಲ್ಲ, ವಾಚ್‌ಮನ್ನನ ಕೋಣೆ ಜಾಲಾಡಿದರು. ಒಂದು ಫ್ಯಾನು, ಒಂದು ಮೊಬೈಲ್ ಚಾರ್ಜರ್. ಸಾಲದೆಂದು ಎಲೆಕ್ಟ್ರಿಶಿಯನ್ನನನ್ನು ಕರೆಸಿ ಪ್ರತಿ ಮಾಳಿಗೆಯ ವಯರ್ ಹಿಡಿದುಕೊಂಡು ಹೋದರು.

ಕಳ್ಳ ಸಿಕ್ಕಿದ್ದು ಮೂರನೇ ಮಾಳಿಗೆಯಲ್ಲಿ, ಸೆಕ್ರೆಟರಿಯ ಬಾಗಿಲಿನ ಮೇಲೆ. ಗಣಪತಿಯ ಪಟಕ್ಕೆ ಹಾಕಿದ್ದ ಕೆಂಪು ಬಲ್ಬು. ಬಿಲ್ಡಿಂಗ್ ಕಟ್ಟಿದಂದಿನಿಂದ ಸೊಸೈಟಿಯ ಲೈನಿನಲ್ಲೇ ಉರಿಯುತ್ತಿತ್ತು. ಸೆಕ್ರೆಟರಿ ಪಟದ ಮುಂದೆ ಕೈಮುಗಿದು ನಿಂತುಬಿಟ್ಟರು, ಗಣಪತಿಯೇ ಉತ್ತರ ಕೊಡಲಿ ಎನ್ನುವ ಹಾಗೆ.

ಪಾಪ, ಅವರನ್ನು ಪಾರು ಮಾಡಿದವನು ವಾಚ್‌ಮನ್ನೇ. "ಹೋಗ್ಲಿ ಬಿಡ್ರಿ ಸಾಹೇಬ್ರ, ಗಣಪ್ಪ ಅಷ್ಟೊಂದು ಕರೆಂಟ್ ಕುಡಿಯೂದಿಲ್ಲ. ಬೇಕಾದ್ರ ಅವನ ಕ್ವಾಣೀನೂ ಒಮ್ಮಿ ಚೆಕ್ ಮಾಡ್ರಿ."

೩. ಹೊರುವವರು

ಇಲ್ಲಿಂದ ಮುಂದೆ ನಗುವುದು ಕಷ್ಟ.

ಬಿಲ್ ಇಳಿಸಬೇಕೆಂದು ಕಮಿಟಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಲಿಫ್ಟ್ ನಿಲ್ಲಿಸಿತು. ನಾಲ್ಕನೇ ಮಾಳಿಗೆಯಲ್ಲಿ ಉಡುಪಿ ಕಡೆಯ ಒಬ್ಬರಿದ್ದಾರೆ. ನಲವತ್ತು ವರ್ಷ ಮಾಟುಂಗದ ಹೋಟೆಲಿನಲ್ಲಿ ಅಡುಗೆ ಮಾಡಿದವರು. ಬಿಲ್ಡಿಂಗಿಗೆಲ್ಲ ಅವರು ಮಾಮ, ಅವರ ಹೆಂಡತಿ ಮಾಮಿ. ಮಾಮನ ಎರಡು ಕಿಡ್ನಿಯೂ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ಹತ್ತಕ್ಕೆ ಡಯಾಲಿಸಿಸ್‌ಗೆ ಆಸ್ಪತ್ರೆಯಲ್ಲಿರಬೇಕು. ನಾಲ್ಕು ಮಾಳಿಗೆ ಇಳಿದು ಹೋಗಬೇಕು, ಅದೆಲ್ಲ ಮುಗಿಸಿ, ಕಾಲು ನಡುಗುತ್ತಿರುವಾಗ, ನಾಲ್ಕು ಮಾಳಿಗೆ ಹತ್ತಿ ಬರಬೇಕು.

ಒಬ್ಬರಿಗಾಗಿ ಲಿಫ್ಟ್ ಬಿಡಿ ಎಂದು ಸೆಕ್ರೆಟರಿಯ ಬಳಿ ಜಗಳವಾಡಿದೆ. "ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ, ಅಕ್ಕ. ರೂಲ್ ಅಂದರೆ ರೂಲ್" ಎಂದರು. ಗಣಪತಿಯ ಬಲ್ಬಿಗೆ ರೂಲ್ ಇರಲಿಲ್ಲ, ಮನುಷ್ಯನ ಕಿಡ್ನಿಗೆ ಇತ್ತು.

ಮಾಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಇಳಿಸತೊಡಗಿದೆವು. ಮುಂದೆ ವಾಚ್‌ಮನ್ ಮತ್ತು ಎರಡನೇ ಮಾಳಿಗೆಯ ಟೈಲರ್, ಹಿಂದೆ ಟೈಲರ್‌ನ ತಮ್ಮ ಮತ್ತು ನಾನು. ಮೊದಲ ದಿನ ತಿರುವಿನಲ್ಲಿ ಕುರ್ಚಿ ಓರೆಯಾಯಿತು. ಮಾಮ ಮೇಲಿನಿಂದ ಕೂಗಿದರು:

"ಮಾರಾಯ್ರೇ, ಕಾಲು ಮುಂದೆ ಮಾಡಿ ಇಳಿಸಬೇಡಿ! ಯಮ ನೋಡಿದರೆ ತಪ್ಪು ತಿಳಿದುಕೊಳ್ಳುತ್ತಾನೆ."

ಎರಡನೇ ವಾರ ಅಂದರು, "ಹೊರುವವರನ್ನು ಬದುಕಿರುವಾಗಲೇ ನೋಡುವ ಭಾಗ್ಯ ಯಾರಿಗುಂಟು? ನಿಮ್ಮ ರಿಹರ್ಸಲ್ ಚಂದ ಆಗಿದೆ."

ಲಿಫ್ಟ್ ನಿಲ್ಲಿಸಿದ ತಿಂಗಳು ಬಿಲ್ ಇಳಿಯಿತೇ? ಹಿಂದಿಗಿಂತಲೂ ಏರಿತು. ಆಗ ಕಮಿಟಿಯಲ್ಲಿ ಒಬ್ಬರು ಹೇಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಆ ಮಾಮ ಕದ್ದು ಲಿಫ್ಟಿನಲ್ಲಿ ಓಡಾಡುತ್ತಿರಬೇಕು." ಲಿಫ್ಟಿನ ಬಾಗಿಲಿಗೆ ಸರಪಳಿ ಹಾಕಿ ಬೀಗ ಜಡಿದರು.

ಮಾಮನಿಗೆ ಸುದ್ದಿ ಮುಟ್ಟಿತು. ಮುಂದಿನ ಶುಕ್ರವಾರ ಕುರ್ಚಿ ಹಿಡಿದುಕೊಂಡು ಹೋದರೆ, "ಇವತ್ತು ಬೇಡ" ಎಂದರು. "ವಾರಕ್ಕೆ ಮೂರು ಸಲ ಮೆರವಣಿಗೆ ಹೋಗಲಿಕ್ಕೆ ನಾನೇನು ಮದುಮಗನಾ?" ಎಷ್ಟು ಹೇಳಿದರೂ ಏಳಲಿಲ್ಲ. ಭಾನುವಾರದ ಹೊತ್ತಿಗೆ ಕಾಲು, ಮುಖ ಊದಿಕೊಂಡು ಉಸಿರು ಸಿಗದೆ ಒದ್ದಾಡಿದರು. ಅವತ್ತೂ ಕುರ್ಚಿಯಲ್ಲೇ ಹೊತ್ತು ಇಳಿಸಿದೆವು. ಮಾಮ ಒಂದು ತಮಾಷೆಯನ್ನೂ ಮಾಡಲಿಲ್ಲ. ನಮಗೆ ಹೆದರಿಕೆಯಾದದ್ದು ಅದಕ್ಕೇ.

೪. ಹಪ್ಪಳದ ಮಹಿಮೆ

ಮಾಮ ಉಳಿದರು. ಬೇಸಿಗೆ ಬಂತು. ಮಾಮಿ ಪ್ರತಿ ಬೇಸಿಗೆಯಲ್ಲಿ ಟೆರೇಸ್ ಮೇಲೆ ಹಲಸಿನ ಹಪ್ಪಳ ಒಣಗಿಸುತ್ತಾರೆ. ಈ ಸಲ ಟೆರೇಸ್ ತುಂಬ ಪ್ಯಾನಲ್. ಒಂದು ದಿನ ಮೇಲೆ ಹೋಗಿ ನೋಡುತ್ತೇನೆ, ಮಾಮಿ ಹಳೆಯ ಸೀರೆಗಳನ್ನು ಪ್ಯಾನಲ್ ಮೇಲೆ ಹೊದೆಸಿ, ಅಂಚಿಗೆ ಬಟ್ಟೆಯ ಕ್ಲಿಪ್ ಸಿಕ್ಕಿಸಿ, ಸಾಲಾಗಿ ಹಪ್ಪಳ ಹಾಕಿದ್ದಾರೆ!

"ಮಾಮಿ, ಏನು ಮಾಡಿದಿರಿ! ಪ್ಯಾನಲ್ ಮುಚ್ಚಿದರೆ ಕರೆಂಟ್ ಹುಟ್ಟುತ್ತದಾ?" ಎಂದು ಕಿರುಚಿದೆ.

"ಎಂತ ಮಾರಾಯ್ತಿ, ಜಾಗವೆಲ್ಲ ಇದೇ ನುಂಗಿದೆ. ಮತ್ತೆಲ್ಲಿ ಒಣಗಿಸಲಿ, ನಿನ್ನ ತಲೆಯ ಮೇಲೆಯಾ? ಕರೆಂಟ್ ಹುಟ್ಟಿ ನನ್ನ ಗಂಡನಿಗೆ ಲಿಫ್ಟ್ ಸಿಕ್ಕಿತಾ?"

ಇಳಿದು ಬಂದೆ. ಕೆಳಗೆ ಮೀಟರ್ ಕೋಣೆಯ ಬಾಗಿಲಲ್ಲಿ ವಾಚ್‌ಮನ್ ಬೀಡಿ ಸೇದುತ್ತ ಕೂತಿದ್ದ.

"ಅಕ್ಕಾರ, ಒಂದ್ ಮಾತ ಹೇಳ್ಲೇನ್ರಿ? ಮೀಟರಿನ ಕೆಂಪು ದೀಪ ದಿನಾ ಮಧ್ಯಾಹ್ನ ಹುಚ್ಚ ಹಿಡದಂಗ ಮಿಣಕ್ತೈತಿ. ಮಾಮೀರು ಹಪ್ಪಳ ಹಾಕಿದ ದಿನ ಮಾತ್ರ ತಣ್ಣಗ ಕುಂದರತೈತ್ರಿ."

ಆ ದೀಪ ಮಿಣುಕಿದಷ್ಟೂ ಯೂನಿಟ್ ಏರುತ್ತದೆ. ಮಧ್ಯಾಹ್ನ ಲಿಫ್ಟಿಗೆ ಬೀಗ, ಪಂಪು ಬಂದ್, ಮೆಟ್ಟಿಲ ದೀಪ ಬಂದ್. ಮತ್ತೆ ಯಾವುದರ ಯೂನಿಟ್? ನನ್ನ ತಲೆಯಲ್ಲಿ ಏನೋ ಕಡಿಯಿತು. ಮೇಲೆ ಓಡಿ, "ಮಾಮಿ, ಸೀರೆ ತೆಗೆಯಿರಿ!" ಎಂದೆ. ತೆಗೆದರು. ಕೆಳಗಿನಿಂದ ವಾಚ್‌ಮನ್ ಕೂಗಿದ, "ಓಡಾಕ ಹತ್ತಿತ್ರಿ!" "ಮಾಮಿ, ಸೀರೆ ಹಾಕಿ!" ಹಾಕಿದರು. "ನಿಂತಿತ್ರಿ!" ನಾಲ್ಕು ಸಲ ಹಾಕಿಸಿ ತೆಗೆಸಿದೆ. ಐದನೆಯ ಸಲಕ್ಕೆ ಮಾಮಿ ಲಟ್ಟಣಿಗೆ ಎತ್ತಿಕೊಂಡರು.

ವಿಷಯ ಇಷ್ಟು. ನಾವು ಬಳಸಿ ಉಳಿದ ಸೋಲಾರ್ ಕರೆಂಟು ಮೀಟರ್ ದಾಟಿ ಬೀದಿಯ ಲೈನಿಗೆ ಹೋಗುತ್ತದೆ. ಹೋದದ್ದನ್ನು ನಮ್ಮ ಲೆಕ್ಕದಿಂದ ಕಳೆಯಲು ನೆಟ್ ಮೀಟರ್ ಎಂಬ ಬೇರೆ ಮೀಟರ್ ಬೇಕು. ಅದನ್ನು ಹಾಕಿಸದೆ ಕಂಪನಿಯವನು ಸ್ವಿಚ್ ಒತ್ತಿ ಪೇಡೆ ತಿಂದು ಹೋಗಿದ್ದ. ನಮ್ಮ ಹಳೆಯ ಮೀಟರಿಗೆ ಬಂದದ್ದೂ ಹೋದದ್ದೂ ಒಂದೇ, ಎರಡನ್ನೂ ಕೂಡಿಸುತ್ತಿತ್ತು. ತೊಳೆದಷ್ಟೂ ಬಿಲ್ ಏರಿದ್ದು ಅದಕ್ಕೆ. ಲಿಫ್ಟ್ ನಿಲ್ಲಿಸಿದಾಗ ಇನ್ನಷ್ಟು ಕರೆಂಟ್ ಉಳಿದು ಹೊರಗೆ ಹೋಯಿತು, ಇನ್ನಷ್ಟು ಬಿಲ್ ಬಂತು.

ಮಾಮನಿಗೆ ಹೇಳಿದೆ. ಅವರು ಅಂದರು, "ಹೋಟೆಲಿಗೆ ನಾವೇ ತೆಂಗಿನಕಾಯಿ ಕೊಟ್ಟು ಬಂದರೆ, ಅದರ ಚಟ್ನಿಯನ್ನೂ ನಾವೇ ತಿಂದೆವೆಂದು ಬಿಲ್ ಬರೆದ ಹಾಗಾಯಿತಲ್ಲ! ನಲವತ್ತು ವರ್ಷದಲ್ಲಿ ನಮ್ಮ ಧಣಿಗೂ ಇದು ಹೊಳೆದಿರಲಿಲ್ಲ."

ಮಾಮ ಮತ್ತೆ ತಮಾಷೆ ಮಾಡಿದರು. ನಾನು ಮನೆಗೆ ಬಂದು ಅತ್ತೆ.

೫. ಹನ್ನೊಂದು ಜನರ ಫೋಟೋ

ಅದೇ ದಿನ ಸೋಲಾರ್ ಸ್ವಿಚ್ ಆರಿಸಿ, ಲಿಫ್ಟಿನ ಸರಪಳಿಯನ್ನು ನಾನೇ ಬಿಚ್ಚಿಸಿದೆ. ಸೆಕ್ರೆಟರಿ ಬೀಗದ ಕೈ ಕೊಟ್ಟರು, ಮುಖ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಅವರನ್ನೇ ಎಳೆದುಕೊಂಡು ಕರೆಂಟ್ ಆಫೀಸಿಗೆ ಹೋದೆ. ಮೂರು ಕಿಟಕಿ ತಿರುಗಿದೆವು. "ಸೋಲಾರ್ ನಮ್ಮದಲ್ಲ, ಕಂಪನಿಯನ್ನು ಕೇಳಿ" ಎಂದರು. ಕಂಪನಿಯವನು ಫೋನಿನಲ್ಲಿ, "ಮೀಟರ್ ನಮ್ಮದಲ್ಲ, ಆಫೀಸನ್ನು ಕೇಳಿ" ಎಂದ. ನಾನು ಕಿಟಕಿಯ ಮುಂದೆ ನೆಲದ ಮೇಲೆ ಕೂತೆ. ಊಟದ ಹೊತ್ತಿಗೆ ಕಿಟಕಿಯ ಹೆಂಗಸು ಫೈಲ್ ಹುಡುಕಿದಳು.

ನೆಟ್ ಮೀಟರಿನ ಅರ್ಜಿ ಹೋಗಿತ್ತು. ವಾಪಸ್ಸೂ ಬಂದಿತ್ತು. ಕಂಪನಿಯವನು ಅದನ್ನು ನಮಗೆ ಹೇಳದೆ ಮುಚ್ಚಿಟ್ಟುಕೊಂಡು ಕೂತಿದ್ದ. ಕಾರಣ? ಅರ್ಜಿಯ ಜೊತೆಗೆ ಪ್ಯಾನಲ್ಲಿನ ಫೋಟೋ ಇರಬೇಕು. ಇತ್ತು, ಉದ್ಘಾಟನೆಯ ಫೋಟೋ. ಪ್ಯಾನಲ್ಲಿನ ಮುಂದೆ ಕಮಿಟಿಯ ಹನ್ನೊಂದು ಜನವೂ ಹೆಗಲಿಗೆ ಹೆಗಲು ಕೊಟ್ಟು ನಿಂತು ನಗುತ್ತಿದ್ದಾರೆ. ಕೆಳಗೆ ಒಂದು ಸಾಲು: "ಪ್ಯಾನಲ್ ಕಾಣಿಸುತ್ತಿಲ್ಲ."

ಆ ಹೆಂಗಸು ಫೋಟೋ ನೋಡಿದಳು, ಸೆಕ್ರೆಟರಿಯ ಹೊಟ್ಟೆ ನೋಡಿದಳು. "ಇವರೊಬ್ಬರು ಪಕ್ಕಕ್ಕೆ ಸರಿದಿದ್ದರೂ ಸಾಕಿತ್ತು" ಎಂದಳು.

ಇಷ್ಟಾದ ಮೇಲೆ ಬುದ್ಧಿ ಬಂದಿರಬೇಕಲ್ಲ? ಸೆಕ್ರೆಟರಿ ಮರುದಿನ ಯಾರನ್ನೂ ಕರೆಯದೆ ಒಬ್ಬರೇ ಮೇಲೆ ಹೋಗಿ ಹೊಸ ಫೋಟೋ ತೆಗೆದು ಕಳಿಸಿದರು. ಎರಡು ವಾರಕ್ಕೆ ಅದೂ ವಾಪಸ್ ಬಂತು. ಅದರ ಕೆಳಗೂ ಒಂದು ಸಾಲು: "ಪ್ಯಾನಲ್ ಕಾಣಿಸುತ್ತಿಲ್ಲ. ಹಪ್ಪಳ ಕಾಣಿಸುತ್ತಿದೆ."

ಮೂರನೇ ಫೋಟೋ ನಾನೇ ತೆಗೆದು ಕಳಿಸಿ ಐದು ವಾರವಾಯಿತು. ಮೀಟರ್ ಇನ್ನೂ ಬಂದಿಲ್ಲ. ಲಕ್ಷಗಟ್ಟಲೆ ಸುರಿದು ಕೂರಿಸಿದ ಪ್ಯಾನಲ್ ಮೇಲೆ ಈಗ ಹಪ್ಪಳ ಬಿಟ್ಟು ಬೇರೇನೂ ಆಗುತ್ತಿಲ್ಲ. ಮಾಮ ಲಿಫ್ಟಿನಲ್ಲಿ ಹೋಗಿ ಬರುತ್ತಾರೆ. ಅವರ ಕಾಲಿನ ಊತ ಪೂರ್ತಿ ಇಳಿದಿಲ್ಲ. ಇಳಿಯುವುದಿಲ್ಲ ಎಂದು ಡಾಕ್ಟರ್ ನನ್ನೊಬ್ಬಳಿಗೇ ಹೇಳಿದ್ದಾರೆ. ಪ್ಲಾಸ್ಟಿಕ್ ಕುರ್ಚಿಯನ್ನು ನಾವು ಇನ್ನೂ ಎಸೆದಿಲ್ಲ.

ನಕ್ಕಾಯಿತೇ? ಈಗ ಏಳಿ. ನಿಮ್ಮ ತಲೆಯ ಮೇಲೂ ಸೋಲಾರ್ ಇದ್ದರೆ ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಸೋಲಾರ್ ಒಂದನ್ನು ಬಿಟ್ಟು ಉಳಿದ ಸ್ವಿಚ್ಚೆಲ್ಲ ಆರಿಸಿ, ಮೀಟರಿನ ಮುಂದೆ ಹತ್ತು ನಿಮಿಷ ನಿಲ್ಲಿ. ಬಿಲ್ಲಿಗೆ ಹಿಡಿಯುವ ಯೂನಿಟ್ ಏರಿದರೆ ನಿಮ್ಮಿಂದಲೂ ಕಿತ್ತಿದ್ದಾರೆ. ಅವತ್ತೇ ದೂರು ಬರೆದುಕೊಂಡು ಕರೆಂಟ್ ಆಫೀಸಿಗೆ ಹೋಗಿ, ನಿಮ್ಮ ಪ್ರತಿಯ ಮೇಲೆ ಠಸ್ಸೆ ಬೀಳುವವರೆಗೆ ಕಿಟಕಿ ಬಿಟ್ಟು ಕದಲಬೇಡಿ. ಮೀಟರ್ ನೋಡದೆ ಯಾರ ಲಿಫ್ಟಿಗೂ ಬೀಗ ಹಾಕಬೇಡಿ. ಹಾಕಿದ್ದರೆ ಈಗಲೇ ಹೋಗಿ ತೆಗೆಯಿರಿ.